ಪೂಜೆಗಿಟ್ಟ ಪಿನ್ನು

ಬನ್ನಿಮಂಟಪ, ಮೈಸೂರು
7-9-2025

ಚಿಕ್ಕಪ್ಪನಿಗೆ ವಿನೀತಾಳ ನಮಸ್ಕಾರ.

ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ಮೆಸೇಜ್ ಕಳಿಸಿದರೆ ಹೆಬ್ಬೆಟ್ಟು ತೋರಿಸಿ ಸುಮ್ಮನಾಗುತ್ತೀರಿ. ಅದಕ್ಕೇ ಕಾಗದ. ಕಾರವಾರದಲ್ಲಿ ದೋಣಿ ರಿಪೇರಿ ಮಾಡಿ ಮಾಡಿ ಕಿವಿ ಹೋದರೂ ಕಣ್ಣು ನೆಟ್ಟಗಿದೆಯೆಂದು ಚಿಕ್ಕಮ್ಮ ಹೇಳಿದರು. ಹಾಗಾದರೆ ಇದನ್ನು ಪೂರ್ತಿ ಓದಿ.

ನೀವು ಮೈಸೂರು ಬಿಡುವಾಗ ಹಿನ್ನೀರಿನ ಕ್ಲಬ್ಬಿನಲ್ಲಿ ಇಟ್ಟುಹೋದ ಕ್ಯಾಟಮರಾನ್ ಹಾಯಿದೋಣಿಯನ್ನು ನೋಡಿಬಂದೆ. ವಾಂತಿಯಾಗುವುದೊಂದು ಬಾಕಿ. ಜೋಡಿ ಹೊಟ್ಟೆಗಳಲ್ಲಿ ಒಂದರೊಳಗೆ ಹೆಗ್ಗಣದ ಸಂಸಾರ, ಇನ್ನೊಂದರಲ್ಲಿ ಹಸಿರುಗಟ್ಟಿದ ನೀರು. ನಡುವಿನ ಬಲೆಹಾಸಿನ ಮೇಲೆ ಯಾರೋ ಮೀನು ಒಣಗಿಸಿದ್ದಾರೆ. ಹಾಯಿಕಂಬ ಎರಡು ಮರಗಳ ನಡುವೆ ಯಾವನೋ ಪುಣ್ಯಾತ್ಮನ ಒಳಚಡ್ಡಿ ಒಣಗಿಸುತ್ತಿತ್ತು. ಕಂಬದ ಬುಡ ಕೂರುವ ಬಟ್ಟಲಿನಲ್ಲಿ ಗುಟ್ಕಾ ಉಗುಳು ತುಂಬಿ ಗಟ್ಟಿಯಾಗಿತ್ತು. ಅದನ್ನು ಕೆರೆದು ತೆಗೆದವಳು ನಾನು. ಮನೆಗೆ ಬಂದು ಎಷ್ಟು ಸೋಪು ಹಚ್ಚಿದರೂ ಆ ಕೈಯಲ್ಲಿ ಉಣ್ಣಲು ಮನಸ್ಸು ಬರಲಿಲ್ಲ. ಅಮ್ಮ ಚಮಚ ಕೊಟ್ಟಳು.

ಇಷ್ಟೆಲ್ಲ ಹೇಸಿಗೆ ಯಾಕೆ ಮೈಗೆ ಬಳಿದುಕೊಂಡೆ ಅಂದರೆ, ಕ್ಲಬ್ಬಿನ ಸೆಕ್ರೆಟರಿ ಸಿದ್ದಲಿಂಗಸ್ವಾಮಿಯವರು ಮಾತು ಕೊಟ್ಟಿದ್ದಾರೆ. ಈ ದೋಣಿ ನೀರಿಗಿಳಿದರೆ ನವೆಂಬರಿನಿಂದ ಹೆಣ್ಣುಮಕ್ಕಳಿಗೆ ಹಾಯಿದೋಣಿ ಕಲಿಸುವ ಬ್ಯಾಚು ನನ್ನದು. ಇಷ್ಟು ವರ್ಷ ಶಾಲೆಗಳಲ್ಲಿ ಈಜು ಕಲಿಸುತ್ತಾ, ಪ್ರತಿ ಜೂನ್‌ನಲ್ಲಿ ‘ಈ ಸಲ ಇರುತ್ತೀರೋ ಇಲ್ಲವೋ ನೋಡೋಣ’ ಎಂದು ಅನ್ನಿಸಿಕೊಂಡವಳಿಗೆ ನನ್ನದು ಅನ್ನುವ ಕೆಲಸ ಸಿಗುವುದು ಇದೇ ಮೊದಲು. ದೋಣಿ ಇಳಿಯದಿದ್ದರೆ ಆ ದಡವನ್ನು ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳಿಗೆ ಬಿಡುತ್ತಾರಂತೆ.

ದೋಣಿ ಈಗ ಮೇಟಗಳ್ಳಿಯಲ್ಲಿ ಮೋಹನನ ಶೆಡ್ಡಿನಲ್ಲಿದೆ. ಗೇಟು, ಗ್ರಿಲ್ಲು ಮಾಡುವ ಶೆಡ್ಡು. ಮೋಹನನೇ ತನ್ನ ಟೆಂಪೋದಲ್ಲಿ ಸಾಗಿಸಿದ. ಮೋಹನನಿಗೆ ವೆಲ್ಡಿಂಗ್ ಕೈವಶ. ಅವನಿಗೂ ಹಾಯಿ ಬಿಡಲು ನಾನೇ ಕಲಿಸಿದೆ. ಮೋಹನ್ ತುಂಬ ನಿಧಾನಸ್ಥ. ಕಂಬ ಎತ್ತಲು ನಾವಿಬ್ಬರೇ ಇರುವುದು. ಹೇಗೆಂದು ಬಿಡಿಸಿ ಬರೆಯಿರಿ.

ನಿಮ್ಮ
ವಿನೀತಾ

*

ಕಾರವಾರ
13-9-2025

ವಿನೀತಾ,

ಮೋಹನ್ ಎಂದು ನಾಲ್ಕು ಕಡೆ ಬರೆದಿದ್ದೀ. ಪಿನ್ನು ಎಂದು ಒಂದು ಕಡೆಯೂ ಬರೆದಿಲ್ಲ. ಮದುವೆಯಾಗುವವಳಂತೆ ಬರೆಯಬೇಡ, ಕಂಬ ಎತ್ತುವವಳಂತೆ ಬರೆ.

ಗುಟ್ಕಾ ಉಗಿದವನ ಬಾಯಿಗೆ ಹುಳ ಬೀಳಲಿ. ಇಲ್ಲೂ ಅದೇ ಕಥೆ. ಮೊನ್ನೆ ಒಬ್ಬ ಧಣಿ ಹೊಸ ದೋಣಿಯ ಎಂಜಿನ್ ಕೋಣೆಯಲ್ಲೇ ಉಗಿದ. ದೋಣಿಯವರ ಜಾತಿಯೇ ಬೇರೆ, ದೋಣಿ ಇಟ್ಟುಕೊಂಡವರ ಜಾತಿಯೇ ಬೇರೆ.

ಈಗ ಕೇಳು. ಮೊದಲು ತಲೆ ಎತ್ತಿ ನೋಡು, ಕರೆಂಟು ತಂತಿ ಎಲ್ಲೂ ಇರಬಾರದು. ಅದು ಅಲ್ಯೂಮಿನಿಯಂ ಕಂಬ, ತಂತಿಗೆ ತಗುಲಿದರೆ ನಿಮ್ಮಿಬ್ಬರನ್ನೂ ಗುರುತು ಹಿಡಿಯಲಾಗುವುದಿಲ್ಲ. ಆಮೇಲೆ ಕಂಬವನ್ನು ದೋಣಿಯ ಹಿಂದಕ್ಕೆ ಮಲಗಿಸಿ, ಬುಡವನ್ನು ಬಟ್ಟಲಿನಲ್ಲಿ ಕೂರಿಸು. ಪಕ್ಕದ ವೈರುಗಳನ್ನು ಎತ್ತುವುದಕ್ಕೆ ಮೊದಲೇ ಎರಡೂ ಹೊಟ್ಟೆಗಳಿಗೆ ಬಿಗಿ. ಒಬ್ಬರು ಬಲೆಹಾಸಿನ ಮೇಲೆ ನಿಂತು, ಕಂಬವನ್ನು ಹೆಗಲಿಗೆ ಕೊಟ್ಟು ಮುಂದೆ ನಡೆಯುತ್ತಾ ಎತ್ತಬೇಕು. ಇನ್ನೊಬ್ಬರು ಮುಂದೆ ನೆಲದ ಮೇಲೆ ನಿಂತು ಮುಂದಿನ ವೈರನ್ನು ಎಳೆಯಬೇಕು. ಕಂಬ ನಿಂತ ಮೇಲೆ ಆ ವೈರಿಗೆ ಪಿನ್ನು, ಪಿನ್ನು ಜಾರದಂತೆ ಅದಕ್ಕೆ ರಿಂಗು.

ಪಕ್ಕದ ವೈರುಗಳಿರುವಾಗ ಕಂಬ ಪಕ್ಕಕ್ಕಾಗಲಿ ಮುಂದಕ್ಕಾಗಲಿ ಬೀಳುವುದಿಲ್ಲ. ಹಿಂದಕ್ಕೆ ಬೀಳದಂತೆ ಹಿಡಿಯುವುದು ಮುಂದಿನ ವೈರು ಒಂದೇ. ಅದನ್ನು ಹಿಡಿದಿರುವುದು ಕಿರುಬೆರಳಿಗಿಂತ ಸಣ್ಣ ಪಿನ್ನು. ರಿಂಗು ತೂರಿಸುವ ತನಕ ವೈರು ಹಿಡಿದವರು ಸೀನಲೂಬಾರದು.

ಬಾಲರಾಜ್

*

ಬನ್ನಿಮಂಟಪ, ಮೈಸೂರು
22-9-2025

ಚಿಕ್ಕಪ್ಪ,

ಕಂಬ ಎತ್ತಿದೆವು! ಶೆಡ್ಡಿನ ಹಿಂದಿನ ಬಯಲಿನಲ್ಲಿ, ಎಲ್ಲ ತಂತಿಗಳಿಂದ ದೂರ. ನಾನು ಹೆಗಲು ಕೊಟ್ಟೆ, ಮೋಹನ್ ಮುಂದೆ ನಿಂತು ಎಳೆದ. ಪಿನ್ನೂ ರಿಂಗೂ ನಾನೇ ಹಾಕಿದೆ. ಗಾಳಿಗೆ ವೈರುಗಳು ಸಣ್ಣಗೆ ಹಾಡಿದವು. ನಿಮಗೆ ಕೇಳಿಸದಿದ್ದರೂ ಹೇಳುತ್ತಿದ್ದೇನೆ, ಹೊಟ್ಟೆ ತುಂಬಿತು.

ಆ ಸಂತೋಷ ಸಂಜೆಯವರೆಗೂ ಬಾಳಲಿಲ್ಲ. ಕ್ಲಬ್ಬಿನ ಕಮಿಟಿಯವರು ‘ಪರಿಶೀಲನೆ’ಗೆಂದು ಬಂದರು. ಪರಿಶೀಲನೆಯೆಂದರೆ ಚಪ್ಪಲಿ ಕಾಲಿನಲ್ಲೇ ಬಲೆಹಾಸು ಹತ್ತಿ, ಕಂಬ ತಬ್ಬಿಕೊಂಡು, ಕೈ ಚಾಚಿ ಸೆಲ್ಫಿ. ಒಬ್ಬರು ಬಾಳೆಹಣ್ಣಿನ ಸಿಪ್ಪೆಯನ್ನು ದೋಣಿಯ ಹೊಟ್ಟೆಯೊಳಕ್ಕೆ ಹಾಕಿ ಮುಚ್ಚಳ ಮುಚ್ಚಿದರು. ಆಳು ನೋಡಿದರೆ ಅಲಂಕಾರ. ನೀರಿಗಿಳಿದರೆ ಒಬ್ಬರಿಗೂ ಈಜು ಬರುವುದಿಲ್ಲ.

ಮೋಹನನ ತಾಯಿ ಬೆಟ್ಟಮ್ಮನವರು ಊಟ ತಂದಿದ್ದರು. ಊರಿನಲ್ಲಿ ಹೊಲ ಮಾಡಿಕೊಂಡಿದ್ದವರು, ಈಗ ಮಗನ ಜತೆ ಇದ್ದಾರೆ. ಮಾತು ಕಡಿಮೆ. ಸಿಪ್ಪೆಯನ್ನು ಅವರೇ ಹೊರಗೆ ತೆಗೆದು ಹಸುವಿಗೆ ಹಾಕಿದರು.

ಮೋಹನನದೊಂದು ಆಸೆ. ಶ್ರೀರಾಂಪುರದ ಕಡೆ ಹೊಸ ಬಡಾವಣೆ ಮಾಡುತ್ತಿರುವ ಸಾಹೇಬರೊಬ್ಬರನ್ನು ಆಯುಧಪೂಜೆಗೆ ಶೆಡ್ಡಿಗೆ ಕರೆದಿದ್ದಾನೆ. ದೋಣಿ ನೋಡಿ ಖುಷಿಪಟ್ಟರೆ ಬಡಾವಣೆಯ ಗೇಟು, ಗ್ರಿಲ್ಲಿನ ಕೆಲಸ ಇವನಿಗೇ ಸಿಗಬಹುದು. ನನಗೇನೂ ತಕರಾರಿಲ್ಲ. ಪ್ರತಿ ವರ್ಷ ಆ ಪೂಜೆಯ ಕಡ್ಲೆಪುರಿ ತಿಂದವಳು ನಾನು.

ಇನ್ನೊಂದು ವಿಷಯವಿದೆ. ಹಬ್ಬ ಕಳೆಯಲಿ, ಬರೆಯುತ್ತೇನೆ.

ವಿನೀತಾ

*

ಕಾರವಾರ
29-9-2025

ವಿನೀತಾ,

ಪೂಜೆ ಮಾಡಿ, ತಪ್ಪಿಲ್ಲ. ಆದರೆ ಸಾಹೇಬರು ಬರುವ ದಿನ ಕಂಬ ಮಲಗಿರಲಿ. ನೋಡುವವರಿಗಾಗಿ ಎತ್ತಿದ ಕಂಬವನ್ನು ಯಾರೂ ಸರಿಯಾಗಿ ಕಟ್ಟುವುದಿಲ್ಲ, ಹಾಯಿ ಬಿಡುವವರಿಗಾಗಿ ಎತ್ತಿದ್ದನ್ನು ಮಾತ್ರ ಕಟ್ಟುತ್ತಾರೆ. ಇದನ್ನು ಕೋಪದಿಂದ ಬರೆಯುತ್ತಿಲ್ಲ, ನೋಡಿದ್ದೇನೆ.

ಆ ಇನ್ನೊಂದು ವಿಷಯ ಏನೆಂದು ಚಿಕ್ಕಮ್ಮನಿಗೆ ಗೊತ್ತಾಗಿದೆ. ನನಗೆ ಗೊತ್ತಿಲ್ಲವೆಂದೇ ಇಟ್ಟುಕೋ.

ಬಾಲರಾಜ್

*

ಬನ್ನಿಮಂಟಪ, ಮೈಸೂರು
4-10-2025

ಚಿಕ್ಕಪ್ಪ,

ನಿಮ್ಮ ಕಾಗದ ಇವತ್ತು ತಲುಪಿತು. ತಡವಾಯಿತು. ಆಯುಧಪೂಜೆಯ ದಿನ ಕಂಬ ಬಿತ್ತು. ಶೆಡ್ಡಿನ ಪೇಂಟರ್ ಮಂಟೇಸ್ವಾಮಿಯ ಹೆಗಲ ಮೂಳೆ ಮುರಿದಿದೆ. ಪ್ರಾಣಕ್ಕೇನೂ ಅಪಾಯವಿಲ್ಲ.

ಈಗ ಹೆಚ್ಚು ಬರೆಯಲಾರೆ. ಎರಡು ದಿನದಲ್ಲಿ ಎಲ್ಲ ಸರಿಹೋಗಬಹುದು.

ವಿನೀತಾ

*

ಕಾರವಾರ
10-10-2025

ವಿನೀತಾ,

ಏನು ಸರಿಹೋಗುವುದು? ಮುರಿದ ಮೂಳೆಯೋ, ಮುಚ್ಚಿಟ್ಟ ತಪ್ಪೋ?

ನೀನು ನಾಲ್ಕು ಸಾಲು ಬರೆದು ಮುಗಿಸಿದೆ. ಆ ಮೋಹನ್ ನಿನಗಿಂತ ಮರ್ಯಾದಸ್ಥ. ಚಿಕ್ಕಮ್ಮನ ಫೋನಿಗೆ ಉದ್ದಕ್ಕೆ ಬರೆದು ಕಳಿಸಿದ. ವಿನೀತಾ ಗಡಿಬಿಡಿಯಲ್ಲಿ ಪಿನ್ನಿಗೆ ರಿಂಗು ಹಾಕುವುದನ್ನು ಮರೆತಳು, ದಯವಿಟ್ಟು ಅವಳನ್ನು ಬೈಯಬೇಡಿ ಎಂದು ಬೇಡಿಕೊಂಡಿದ್ದಾನೆ. ಓದಿ ನನಗೆ ನಾಚಿಕೆಯಾಯಿತು. ನನ್ನ ಅಣ್ಣನ ಮಗಳು, ನನ್ನ ಕೈಯಲ್ಲಿ ಹಗ್ಗ ಹಿಡಿಯಲು ಕಲಿತವಳು, ಎರಡು ಬೆರಳಿನ ಕೆಲಸ ಬಿಟ್ಟು ಒಬ್ಬ ಬಡಪಾಯಿಯ ಹೆಗಲು ಮುರಿದಳು. ಬಿಟ್ಟದ್ದಕ್ಕಿಂತ, ಬಿಟ್ಟೆ ಎಂದು ಬರೆಯದೇ ಹೋದೆಯಲ್ಲ, ಅದು ಅಸಹ್ಯ.

ರಿಂಗು ಹಾಕದವರು ಮಕ್ಕಳನ್ನು ದೋಣಿಗೆ ಹತ್ತಿಸಬಾರದು.

ಬಾಲರಾಜ್

*

ಬನ್ನಿಮಂಟಪ, ಮೈಸೂರು
19-10-2025

ಚಿಕ್ಕಪ್ಪನವರಿಗೆ,

ನಿಮ್ಮ ಕಾಗದವನ್ನು ಎರಡು ಸಲ ಹರಿಯಲು ಹೋದೆ. ಅಮ್ಮ ಕಿತ್ತುಕೊಂಡು ಬೈಬಲ್ಲಿನ ಕೆಳಗಿಟ್ಟಳು. ಅಲ್ಲಾದರೂ ಸ್ವಲ್ಪ ಒಳ್ಳೆಯ ಬುದ್ಧಿ ಬರಲಿ ಅದಕ್ಕೆ.

ನಿನ್ನೆ ಸಿದ್ದಲಿಂಗಸ್ವಾಮಿಯವರು ಕರೆಸಿದ್ದರು. ಬ್ಯಾಚು ನಿಲ್ಲಿಸಲಾಗಿದೆ. ಯಾಕೆ ಸಾರ್ ಎಂದರೆ, ‘ನಿಮ್ಮ ಚಿಕ್ಕಪ್ಪನವರನ್ನೇ ಕೇಳಿದ್ವಿ ಕಣಮ್ಮ, ಹಳೇ ಮೆಂಬರ್ರು. ಅವರೇ ಬೇಡ ಅಂದ್ರು’ ಎಂದರು. ನನಗೆ ಬರೆದ ಕಾಗದದಲ್ಲಿ ಇದೊಂದನ್ನು ನೀವು ಬರೆದಿರಲಿಲ್ಲ. ಬರೆಯದೇ ಇರುವುದು ಅಸಹ್ಯ ಎಂದವರು ನೀವೇ ಅಲ್ಲವೇ?

ಈಗ ಕೇಳಿ. ಕಿವಿ ಬೇಡ, ಕಣ್ಣು ಸಾಕು.

ಆ ದಿನ ಬೆಳಗ್ಗೆ ಕಂಬ ಮಲಗಿತ್ತು. ನೀವು ಹೇಳಿಕೊಡಬೇಕಾಗಿರಲಿಲ್ಲ, ನನಗೂ ಅಷ್ಟು ಬುದ್ಧಿಯಿದೆ. ಪೂಜೆಗೆ ಸ್ಪ್ಯಾನರು, ಡ್ರಿಲ್ಲು, ವೆಲ್ಡಿಂಗ್ ಹೋಲ್ಡರು ಎಲ್ಲ ತೊಳೆದು ಜೋಡಿಸಿದರು. ದೋಣಿಯ ಸಾಮಾನೂ ಇರಲಿ ಎಂದು ಪಿನ್ನು, ರಿಂಗುಗಳನ್ನು ನಾನೇ ತಟ್ಟೆಯಲ್ಲಿಟ್ಟು ಕೊಟ್ಟೆ. ಕುಂಕುಮ ಇಟ್ಟರು, ಕುಂಬಳಕಾಯಿ ಒಡೆದರು. ಪೂಜೆಗಿಟ್ಟ ಸಾಮಾನನ್ನು ಮರುದಿನದ ತನಕ ಯಾರೂ ಮುಟ್ಟುವುದಿಲ್ಲ. ಆ ಶೆಡ್ಡಿನಲ್ಲಿ ಎಂದೂ ಹಾಗೇ ನಡೆದಿದೆ. ನಾನು ಹರಿದ ಹಾಯಿಯನ್ನು ಹೊಲಿಗೆಯವರಿಂದ ತರಲು ಶ್ರೀರಾಂಪುರಕ್ಕೆ ಹೋದೆ.

ಬರುವಷ್ಟರಲ್ಲಿ ಕಂಬ ನಿಂತಿತ್ತು. ಬಾಳೆಕಂದು, ಚೆಂಡುಹೂವಿನ ಹಾರ, ಸೀರಿಯಲ್ ಲೈಟು. ಸಾಹೇಬರು ಬೇಗ ಬಂದರಂತೆ, ಬಂದವರು ‘ಏನಪ್ಪಾ, ದೋಣಿ ಮಲಗಿಬಿಟ್ಟಿದೆ’ ಎಂದರಂತೆ. ಅಷ್ಟಕ್ಕೇ ಮೋಹನ್ ಎತ್ತಿಸಿದ್ದಾನೆ. ಪಿನ್ನು ಹಾಕಿದ್ದೀಯಾ ಎಂದು ಕೇಳಿದೆ. ‘ಹಾಕಿವ್ನಿ ಕಣೆ, ಸುಮ್ಕಿರು, ಸಾಹೇಬ್ರು ಅವ್ರೆ’ ಎಂದ. ಮುಂದಿನ ವೈರಿನ ಜಾಯಿಂಟಿನ ಮೇಲೆ ಹಾರ ದಪ್ಪಗೆ ಸುತ್ತಿತ್ತು. ಹಾರ ಸರಿಸಿ ನೋಡಬೇಕಿತ್ತು. ನಾನು ಅವನ ಮುಖ ನೋಡಿದೆ, ನಂಬಿದೆ.

ಮಂಟೇಸ್ವಾಮಿ ಲೈಟು ಸರಿಪಡಿಸಲು ಬಲೆಹಾಸು ಹತ್ತಿದ. ಗಾಳಿ ಬೀಸಿತು. ಕಂಬ ಹಿಂದಕ್ಕೆ ಬಂತು. ಮುಂದಿನ ವೈರಿನ ತುದಿಯಲ್ಲಿ ಏನಿತ್ತು ಗೊತ್ತೇ? ಹೂವಿನ ಮೂಟೆ ಕಟ್ಟಿಬಂದ ಪ್ಲಾಸ್ಟಿಕ್ ಹಗ್ಗ, ಹರಿದು ಜೋತಾಡುತ್ತಿತ್ತು. ಪಿನ್ನೂ ರಿಂಗೂ ತಟ್ಟೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಸ್ಪ್ಯಾನರುಗಳ ಮಧ್ಯೆ ಸುಖವಾಗಿದ್ದವು. ಪೂಜೆಗಿಟ್ಟದ್ದು ತಪ್ಪಲ್ಲ ಚಿಕ್ಕಪ್ಪ. ಪಿನ್ನು ಮುಟ್ಟುವ ಹಾಗಿಲ್ಲದ ದಿನ ಕಂಬ ಮುಟ್ಟಿದ್ದು ತಪ್ಪು.

ಅದನ್ನೂ ಕ್ಷಮಿಸುತ್ತಿದ್ದೆ. ಆಸ್ಪತ್ರೆಯ ಬಾಗಿಲಲ್ಲಿ ಸಾಹೇಬರು, ಯಾರಪ್ಪ ಇದನ್ನ ಕಟ್ಟಿದ್ದು ಅಂದಾಗ, ಮೋಹನ್ ನನ್ನ ಕಡೆ ಕೈ ತೋರಿಸಿ ‘ಇವ್ರೇ ಸಾರ್, ದೋಣಿ ಮೇಡಮ್ಮು’ ಎಂದ. ಮೇಡಮ್ಮು! ಅದಕ್ಕೆ ಹತ್ತು ದಿನ ಮುಂಚೆ ಅಮ್ಮನ ಮುಂದೆ ಕೂತು, ಚರ್ಚಿನಲ್ಲೂ ಆಗಲಿ, ಊರಿನಲ್ಲೂ ಆಗಲಿ, ಎರಡು ಸಲ ಮದುವೆಯಾಗುತ್ತೇನೆ ಎಂದವನು. ಅದೇ ನಾನು ಹಬ್ಬ ಕಳೆದ ಮೇಲೆ ಬರೆಯುತ್ತೇನೆ ಎಂದ ವಿಷಯ.

ಗಾಬರಿಗೆ ಹೇಳಿದ, ಎರಡು ದಿನದಲ್ಲಿ ತಾನೇ ನಿಜ ಹೇಳುತ್ತಾನೆ ಎಂದು ಬಾಯಿ ಮುಚ್ಚಿಕೊಂಡೆ. ನಿಮಗೂ ನಾಲ್ಕು ಸಾಲು ಬರೆದು ಸುಮ್ಮನಾದೆ. ಅವನು ಆ ಎರಡು ದಿನದಲ್ಲಿ ನಿಮಗೂ ಕಮಿಟಿಗೂ ಮೆಸೇಜ್ ಕಳಿಸುತ್ತಿದ್ದ. ಆಮೇಲೆ ಕೇಳಿದರೆ, ‘ನಿಂಗೇನು ಕಣೆ, ಇನ್ನೊಂದ್ ಕೆಲ್ಸ ಸಿಕ್ತದೆ, ನಂಗೆ ಈ ಬಡಾವಣೆ ಹೋದ್ರೆ ಮತ್ತೆ ಸಿಕ್ಕಲ್ಲ’ ಎಂದ. ಮಾತಾಡುತ್ತಾ ನನ್ನ ಕೂದಲಿನಲ್ಲಿದ್ದ ಕಸ ತೆಗೆಯಲು ಕೈ ಚಾಚಿದ. ಆ ಬಟ್ಟಲಿನ ಉಗುಳನ್ನು ಕೆರೆದಾಗಲೂ ನನಗೆ ಅಷ್ಟು ಹೇಸಿಗೆಯಾಗಿರಲಿಲ್ಲ.

ಮಂಟೇಸ್ವಾಮಿಯನ್ನು ನೋಡಲು ಹೋದೆ. ಗೋಡೆ ನೋಡುತ್ತಾ, ನನಗೇನೂ ಕಾಣಲಿಲ್ಲ ಅಕ್ಕ ಎಂದ. ಅವನ ಅನ್ನ ಮೋಹನನ ಶೆಡ್ಡಿನಲ್ಲಿದೆ, ಅವನನ್ನು ಬೈಯಲಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತಾರೆ ಅಂತಾರಲ್ಲ, ಬರೆ ಎಳೆಯುವ ಕಬ್ಬಿಣ ಕಾಸಿಕೊಟ್ಟವರು ಮಾತ್ರ ನೀವು. ನೀವು ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಇನ್ನು ಕಾಗದ ಬರೆಯಬೇಡಿ.

ವಿನೀತಾ

*

ಕಾರವಾರ
25-10-2025

ವಿನೀತಾ,

ಬರೆಯಬೇಡ ಎಂದಿದ್ದೀ. ಒಂದೇ ಸಲ ಬರೆದು ನಿಲ್ಲಿಸುತ್ತೇನೆ.

ಕಮಿಟಿಗೆ ಬೇಡ ಎಂದವನು ನಾನೇ. ನಿನ್ನನ್ನು ಕೇಳದೆ ಹೇಳಿದೆ, ಹೇಳಿದ್ದನ್ನು ನಿನ್ನಿಂದ ಮುಚ್ಚಿಟ್ಟೆ. ಹೊರಗಿನವನು ವಿನಯವಾಗಿ ಬರೆದ, ಮನೆಯ ಹುಡುಗಿ ಬಿಗುವಿನಲ್ಲಿ ಬರೆದಳು. ನಾನು ವಿನಯಕ್ಕೆ ಮರುಳಾದೆ. ಈ ವಯಸ್ಸಿನಲ್ಲಿ ನನ್ನ ಮೇಲೆ ನನಗೇ ಥೂ ಎನ್ನಿಸಿದೆ.

ಸಿದ್ದಲಿಂಗಸ್ವಾಮಿಗೆ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ ಎಂದು ಬರೆದೆ. ಅವನ ಉತ್ತರ, ಆಗಲಿ, ಆದರೆ ಹಗ್ಗ ಕಟ್ಟಿದ್ದು ಮೋಹನ್ ಎನ್ನಲು ಕಂಡವರು ಯಾರಾದರೂ ಬೇಕಲ್ಲ ಎಂದು. ಅವರಿಗೆ ನಿನ್ನನ್ನು ತೆಗೆಯಲು ಸಾಕ್ಷಿ ಬೇಕಿರಲಿಲ್ಲ, ಸೇರಿಸಲು ಬೇಕು.

ಕಂಬದ ತುದಿಯ ರಾಟೆ ಒಡೆದಿರಬೇಕು, ಬಿದ್ದ ಕಂಬಕ್ಕೆ ಮೊದಲು ಹೋಗುವುದು ಅದೇ. ಹೊಸದೊಂದು ಇದರ ಜತೆ ಕಳಿಸಿದ್ದೇನೆ. ಬೇಡವಾದರೆ ಎಸೆ.

ಬಾಲರಾಜ್

*

ಬನ್ನಿಮಂಟಪ, ಮೈಸೂರು
16-11-2025

ಚಿಕ್ಕಪ್ಪ,

ರಾಟೆ ಎಸೆಯಲಿಲ್ಲ. ಸರಿಯಾಗಿ ಕೂತಿದೆ. ನಿಮ್ಮ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ, ಆದರೂ ಇದನ್ನು ನಿಮಗಲ್ಲದೆ ಇನ್ಯಾರಿಗೆ ಬರೆಯಲಿ?

ಕಳೆದ ವಾರ ಬೆಟ್ಟಮ್ಮನವರು ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನಿಂತು, ಆ ಕಮಿಟಿಯೋರು ಎಲ್ಲಿ ಸೇರ್ತಾರೆ ತೋರ್ಸು ಎಂದರು. ಮಗನ ಪರವಾಗಿ ನನ್ನನ್ನು ಒಪ್ಪಿಸಲು ಬಂದರೆಂದುಕೊಂಡು ನಾನು ಕೂತ ಜಾಗದಿಂದ ಏಳಲಿಲ್ಲ. ಅಮ್ಮನೇ ಒಳಗೆ ಕರೆದು ಕಾಫಿ ಕೊಟ್ಟಳು. ಅವರು ಕುಡಿಯದೆ ಕೆಳಗಿಟ್ಟರು.

ಕ್ಲಬ್ಬಿಗೆ ಕರೆದುಕೊಂಡು ಹೋದೆ. ಮೋಹನನನ್ನೂ ಕರೆಸಿದ್ದರು. ಕಮಿಟಿಯವರು ಮಿಕ್ಸ್ಚರ್ ತಿನ್ನುತ್ತಾ ಕೂತಿದ್ದರು. ಬೆಟ್ಟಮ್ಮ ಕುರ್ಚಿ ಬೇಡವೆಂದು ನಿಂತೇ ಹೇಳಿದರು. ಮಗ ತಟ್ಟೆಯಿಂದ ಪಿನ್ನು ತೆಗೆಯಲು ಬಂದಾಗ, ಪೂಜೆಗಿಟ್ಟಿದ್ದು ಮುಟ್ಟಬೇಡ ಎಂದು ತಡೆದವರು ಅವರೇ. ಹಾಗಾದರೆ ಇವತ್ತು ಎತ್ತಬೇಡ, ನಾಳೆ ಎತ್ತು ಎಂದರಂತೆ. ಅವನು ಹೂವಿನ ಹಗ್ಗ ಬಿಚ್ಚಿಕೊಂಡು ಹೋದ. ಕಟ್ಟಿದ್ದನ್ನು ಅವರು ಕಣ್ಣಾರೆ ನೋಡಿದರು. ಇಷ್ಟನ್ನು ಹೊಲದ ಮೇರೆ ತೋರಿಸುವವರಂತೆ ಹೇಳಿ ಮುಗಿಸಿದರು. ಸಿದ್ದಲಿಂಗಸ್ವಾಮಿಯವರು, ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದರು.

‘ಅವ್ನೇ ಒಪ್ಕತಾನೆ ಅಂತ ಕಾದೆ ಕಣ್ರೀ. ನನ್ ಮಗ ಅಲ್ವಾ’ ಎಂದರು.

ಮೋಹನ್ ಫೋನ್ ನೋಡುತ್ತಿದ್ದ. ಕಮಿಟಿಯವರು ಒಬ್ಬರಾದ ಮೇಲೊಬ್ಬರು ನನ್ನತ್ತ ಹಲ್ಲು ಕಿರಿದು, ನಮಗೆ ಮೊದಲಿಂದಲೂ ಅನುಮಾನವಿತ್ತು ಕಣಮ್ಮ ಎಂದರು. ಆ ನಗುವನ್ನು ಒರೆಸಿ ಹಾಕಲು ಒಂದು ಹಳೇ ಬಟ್ಟೆ ಬೇಕೆನ್ನಿಸಿತು. ಬ್ಯಾಚು ನನ್ನದಾಯಿತು.

ನಿನ್ನೆ ದೋಣಿಯನ್ನು ದಡಕ್ಕೆ ತಂದೆವು. ತಾಯಿ ಹೇಳಿದ್ದರಿಂದ ಟೆಂಪೋ ಓಡಿಸಿದ್ದು ಮೋಹನನೇ. ಸೇರಿಕೊಂಡ ಹುಡುಗಿಯರ ತಂದೆತಾಯಿಗಳು ಬಂದಿದ್ದರು. ಕಮಿಟಿಯವರು ಫೋನ್ ಎತ್ತಿ ಹಿಡಿದು ಸಾಲಾಗಿ ನಿಂತಿದ್ದರು. ಕಂಬಕ್ಕೆ ಹೆಗಲು ಕೊಟ್ಟು, ಮುಂದೆ ವೈರು ಹಿಡಿಯುವವರು ಯಾರಾದರೂ ಬನ್ನಿ ಎಂದೆ. ಫೋನ್‌ಗಳು ಅಲುಗಾಡಲಿಲ್ಲ. ಮೋಹನ್ ಟೆಂಪೋದಿಂದ ಇಳಿದು, ‘ಬುಡು, ನಾನ್ ಹಿಡೀತೀನಿ’ ಎಂದು ಬಂದ. ಏನೂ ಆಗಿಯೇ ಇಲ್ಲವೆನ್ನುವ ಅದೇ ನಿಧಾನದ ದನಿ. ಬೇಡ ಎಂದೆ. ಅಷ್ಟು ಜನರೆದುರು, ಗಟ್ಟಿಯಾಗಿಯೇ.

ಬೆಟ್ಟಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ವೈರು ತೆಗೆದುಕೊಂಡರು. ಹೇಗೆ ಹಿಡಿಯಬೇಕೆಂದು ಕೇಳಿದರು, ಹೇಳಿಕೊಟ್ಟೆ. ನಾನು ಎತ್ತುತ್ತಾ ನಡೆದೆ, ಅವರು ಎಳೆದರು, ಕಂಬ ನಿಂತಿತು. ನಾನು ಕೆಳಗೆ ಹಾರಿ, ಪಿನ್ನು ಹಾಕಿ ರಿಂಗು ತೂರಿಸುವ ತನಕ ಅವರು ಒಂದಿಷ್ಟೂ ಸಡಿಲ ಬಿಡಲಿಲ್ಲ. ವೈರು ಒತ್ತಿ ಅಂಗೈ ಕೆಂಪಾಗಿತ್ತು. ನಾವಿಬ್ಬರೂ ದೋಣಿಯ ಮುಂದೆ ಅಷ್ಟು ಹತ್ತಿರ ನಿಂತಿದ್ದರಿಂದ ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದರು: ಮದುವೆ ವಿಷಯ ಏನು ಮಾಡಿದೆ ಎಂದು.

ಇಲ್ಲ ಅಮ್ಮ, ಆಗುವುದಿಲ್ಲ ಎಂದೆ. ಅಳುತ್ತಾರೇನೋ, ಬೇಡಿಕೊಳ್ಳುತ್ತಾರೇನೋ ಎಂದು ಭಯವಾಯಿತು. ಅವರು ಟೆಂಪೋದ ಕಡೆ ಒಮ್ಮೆ ನೋಡಿ, ಅಂಗೈಯನ್ನು ಸೀರೆಗೆ ಒರೆಸಿಕೊಂಡರು.

‘ಸರಿ ಕಣವ್ವ. ನೀನು ನನ್ ಹೊಟ್ಟೇಲಿ ಹುಟ್ಟಿದ್ರೆ, ನಾನೂ ಅವ್ನಿಗೆ ಕೊಡ್ತಿರ್ಲಿಲ್ಲ’ ಎಂದರು.

ವಿನೀತಾ